ತಾಳೆ

ಸಾಬೂನಿನ ಕಾಗದ ಬಿಚ್ಚಿರಲಿಲ್ಲ.
ಮೊದಲು ಕಂಡದ್ದು ಅದು.
ಪಟ್ಟಿಯಲ್ಲಿ ಇಪ್ಪತ್ತಾರು ಸ್ನಾನ,
ಬಚ್ಚಲಲ್ಲಿ ಹಸಿರು ಪೊಟ್ಟಣ,
ಬೆರಳಿಟ್ಟರೆ ಅಚ್ಚು ಉಳಿಯುವಷ್ಟು ಧೂಳು.

ಮುಹರ್ರಕ್‌ನ ಈ ಓಣಿಯಲ್ಲಿ ಕಾರು ತಿರುಗುವುದಿಲ್ಲ.
ದೂರ ನಿಲ್ಲಿಸಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು
ಬಾಗಿಲು ಬಡಿಯುವುದು ನನ್ನ ಉದ್ಯೋಗ.
ಸರ್ಕಾರ ದುಡ್ಡು ಕೊಟ್ಟ ಗಂಟೆಗಳು
ಹಾಸಿಗೆಯವರೆಗೆ ಬಂದವೇ ಎಂದು ಕೇಳುವುದು.
ಆಗಸ್ಟಿನಲ್ಲಿ ಬಾಗಿಲ ಹಿಡಿಕೆಯೂ ಕೈ ಸುಡುತ್ತದೆ.
ಮೊಮ್ಮಗ ಅಲ್ಯೂಮಿನಿಯಂ ಕಾರ್ಖಾನೆಯ ಪಾಳಿಗೆ ಹೋಗಿದ್ದ.
ಒಳಗೆ ಹಜ್ಜಿಯಾ ಮೌಜಾ, ಎಂಬತ್ತೆರಡು,
ಎಡಗಡೆ ಪೂರ್ತಿ ಬಿದ್ದುಹೋದ ಮೈ,
ಬಲಗಡೆ ಪೂರ್ತಿ ನಾಲಿಗೆ.

"ಬರುತ್ತಾಳೆ, ದಿನಾ ಬರುತ್ತಾಳೆ."
ಎಷ್ಟು ಹೊತ್ತಿಗೆ? "ಬರುವ ಹೊತ್ತಿಗೆ."
ಎಷ್ಟು ಗಂಟೆ ಇರುತ್ತಾಳೆ? "ಇರುವಷ್ಟು."
ನನ್ನ ಮುರುಕು ಅರಬ್ಬಿಗೆ ಇಷ್ಟು ಸಾಕೆಂದು
ಗೋಡೆ ಕಡೆ ಮುಖ ತಿರುಗಿಸಿದಳು.

ಹೊರಗೆ ಬಂದು ನೀರಿನ ಮೀಟರು ನೋಡಿದೆ.
ತಿಂಗಳಲ್ಲಿ ಅದು ಕದಲಿದ್ದು ಒಬ್ಬ ಮನುಷ್ಯ
ಅನ್ನ ಬೇಯಿಸಿ ಕೈ ತೊಳೆಯುವಷ್ಟು.
ನಮ್ಮಪ್ಪ ಶಹಾಬಾದಿನ ಸೊಸೈಟಿಯಲ್ಲಿ
ಸೀಮೆಎಣ್ಣೆ ಅಳೆದವ. ಲೀಟರಿನ ಡಬ್ಬಿಯ ತಳವನ್ನು
ಯಾರೋ ಒಳಕ್ಕೆ ತಟ್ಟಿದ್ದರು, ಅಂಗೈಯಗಲದ ನೆಗ್ಗು.
ಅಪ್ಪನಿಗೆ ಗೊತ್ತಿತ್ತು. ಮನೆಗೆ ಬಂದು
ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ.
ಕದ್ದವನಲ್ಲ ಅವನು. ಅಳೆದನಷ್ಟೆ.

ಕಚೇರಿಯ ಪರದೆಯ ಮೇಲೆ ಎಲ್ಲವೂ ನೀಟು:
ಹಿಲ್ಡಾ ಮೆಂಡೋನ್ಸಾ, ಒಳಗೆ ಎಂಟು ಎರಡು,
ಹೊರಗೆ ಹನ್ನೆರಡು ಒಂದು.
ಫೋನು ಅಲ್ಲೇ ಇತ್ತೆಂದು ಆಕಾಶದಿಂದ ಸಾಕ್ಷಿ.
ಉಪಗ್ರಹ ಸುಳ್ಳು ಹೇಳುವುದಿಲ್ಲ. ಫೋನು ಬಂದಿತ್ತು.

ಮೂರನೆಯ ಬೆಳಿಗ್ಗೆ ಓಣಿಯ ತುದಿಯಲ್ಲಿ ಕಾದೆ.
ಕಂಪನಿಯ ಬಿಳಿ ವ್ಯಾನು ಬಂತು. ಡ್ರೈವರ್ ಇಳಿದ,
ಕೈಯಲ್ಲಿ ಮಕ್ಕಳ ಊಟದ ಚೀಲ.
ಜಿಪ್ಪು ಎಳೆದ: ಹನ್ನೊಂದು ಫೋನು,
ಒಂದೊಂದರ ಬೆನ್ನಿಗೂ ಬಿಳಿ ಪ್ಲಾಸ್ಟರು, ಅದರ ಮೇಲೆ ಹೆಸರು.
ಹಿಲ್ಡಾಳನ್ನು ಆರಿಸಿ, ಬಾಗಿಲ ಬಳಿ ಹಿಡಿದು,
ಒತ್ತಿ, ಮತ್ತೆ ಚೀಲಕ್ಕೆ ಹಾಕಿದ.
ಚಹಕ್ಕೂ ನಿಲ್ಲಲಿಲ್ಲ ಪಾಪ, ಇನ್ನೂ ಹತ್ತು ಮನೆ ಬಾಕಿ.

ಹಾಗಾದರೆ ಹಿಲ್ಡಾ?
ಶಿರ್ವದವಳು. ನಾನು ಕನ್ನಡ ಆಡಿದ್ದಕ್ಕೆ ಮೊದಲು ಹೆದರಿದಳು,
ಆಮೇಲೆ ಅತ್ತಳು.
ಬೆಳಿಗ್ಗೆ ಎಂಟರಿಂದ ಯಜಮಾನರ ರಿಫಾದ ಮನೆ,
ಪಾತ್ರೆ, ನೆಲ, ಅವರ ಮಕ್ಕಳ ಯೂನಿಫಾರ್ಮು.
"ನರ್ಸಿಂಗ್ ಕಲಿತ ಕೈ ಮೇಡಂ ಇದು."
ಬ್ಲೀಚು ತಿಂದ ಬೆರಳು.
ರಾತ್ರಿ ಒಂಬತ್ತಕ್ಕೆ, ಬಸ್ಸಿನ ದುಡ್ಡು ತನ್ನದೇ,
ಮೌಜಾಳ ಮನೆಗೆ. ಒದ್ದೆ ಬಟ್ಟೆಯಲ್ಲಿ ಒರೆಸಿ,
ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿ.
"ಸ್ನಾನಕ್ಕೆ ಎತ್ತಲು ಇಬ್ಬರು ಬೇಕು. ನಾನೊಬ್ಬಳು."

ಆಗ ನೆನಪಾಯಿತು ಮುದುಕಿಯ ಉಗುರು.
ಹತ್ತೂ ಕತ್ತರಿಸಿದ್ದವು, ಗೋರಂಟಿಯೂ ಇತ್ತು,
ಬಿದ್ದುಹೋದ ಎಡಗೈಗೆ ಕೂಡ.
ನೋಡಿದ್ದೆ. ಬರೆದುಕೊಂಡಿರಲಿಲ್ಲ.

ನನ್ನ ನಮೂನೆಗೆ ಎರಡೇ ಕಲಂ: ಬಂದರು, ಬಂದಿಲ್ಲ.
ಬಂದಿಲ್ಲ ಎಂದರೆ ಮೊದಲು ವಿಮಾನ ಹತ್ತುವವಳು
ಪ್ಲಾಸ್ಟರಿನ ಮೇಲೆ ಹೆಸರಿರುವವಳು;
ಅವಳ ಪಾಸ್‌ಪೋರ್ಟು ಯಜಮಾನನ ಕಪಾಟಿನಲ್ಲಿ.
ಬಂದರು ಎಂದರೆ ಅಪ್ಪನ ಡಬ್ಬಿ ನನ್ನ ಕೈಗೆ.

ವರದಿ ಬರೆದೆ. ಚೀಲ, ವ್ಯಾನಿನ ನಂಬರು, ರಿಫಾ, ಮೀಟರು.
ಹಿಲ್ಡಾ ಸಾಕ್ಷಿ, ಆರೋಪಿಯಲ್ಲ ಎಂದು
ಅಡಿಗೆರೆ ಎಳೆದು ಬರೆದೆ.
ಅಡಿಗೆರೆಗಳನ್ನು ಮೇಲಿನವರು ಓದುತ್ತಾರೋ ಇಲ್ಲವೋ.

ಅಂದು ರಾತ್ರಿ ಒಂಬತ್ತಕ್ಕೆ
ಗುರುತಿನ ಚೀಟಿ ಬ್ಯಾಗಿನಲ್ಲಿಟ್ಟು ನಾನೂ ಹೋದೆ.
ಹಿಲ್ಡಾ ಕಂಕುಳಿಗೆ ಕೈ ಕೊಟ್ಟಳು, ನಾನು ಮೊಣಕಾಲಡಿಗೆ.
ಮುದುಕಿ ಬೈದಳು, ನೀರು ಬಿಸಿ ಎಂದು.
ಆಗಸ್ಟಿನ ನಲ್ಲಿಯಲ್ಲಿ ತಣ್ಣೀರೆಲ್ಲಿಯದು!
ಪೊಟ್ಟಣವನ್ನು ಹಲ್ಲಿನಿಂದ ಹರಿದೆ.
ಫೋಟೋ ತೆಗೆದಾಗಿತ್ತು, ಆದರೂ ಸಾಕ್ಷ್ಯ ಸಾಕ್ಷ್ಯವೇ;
ನೊರೆಯಾಗಿ ಮೋರಿಗೆ ಇಳಿಯಿತು.
ಹೊರಗೆ ಕತ್ತಲಲ್ಲಿ ಮೀಟರು ತಿರುಗುತ್ತಿತ್ತು.