ಗರಸಿನ ಹಾದಿ

ರಾತ್ರಿಯೆಲ್ಲ ಆಕ್ಸಲ್ ಎಣಿಸಿದ ಕಣ್ಣು.
ಹತ್ತು ಚಕ್ರದ್ದು, ಹದಿನಾಲ್ಕು ಚಕ್ರದ್ದು,
ಗಾಳಿಗಿರಣಿಯ ಒಂದೇ ಒಂದು ರೆಕ್ಕೆ ಹೊತ್ತು
ಬೀದಿಯುದ್ದ ತೆವಳಿ ಬಂದದ್ದು.
ಅದಕ್ಕೆಷ್ಟು ಚಕ್ರವೋ, ಎಣಿಸಿ ಮುಗಿಯುವಷ್ಟರಲ್ಲಿ
ಹಿಂದೆ ನಲವತ್ತು ಹಾರನ್ನು.
ಬೆಳಗಿನ ಆರಕ್ಕೆ ಟೋಲಿನ ಗೂಡು ಬಿಟ್ಟಿಳಿದರೆ
ಮೂಗೊಳಗೆ ಡೀಸೆಲಿನ ಮಸಿ,
ಬೆರಳ ತುದಿಗೆ ಚಿಲ್ಲರೆಯ ಕಿಲುಬು.

ಈಗೀಗ ಚಿಲ್ಲರೆಯೂ ಕಡಿಮೆ.
ಗಾಜಿಗಂಟಿದ ಚೀಟಿ ನೋಡಿ ತಾನೇ ಏಳುತ್ತದೆ ಗೇಟು.
ಚೀಟಿ ಸತ್ತವರು ಮಾತ್ರ ನನ್ನ ಕಿಟಕಿಗೆ ಬಂದು
ಬೈದು ಹೋಗುತ್ತಾರೆ.

ಖಲಂದರ್ ಜೋಡಿಸಿಕೊಟ್ಟ ಸೈಕಲ್ಲು ನನ್ನದು.
ಮೈ ಯಾವನೋ ಕಾಲೇಜು ಹುಡುಗನದು, ಗೇರು ಗುಜರಿಯದು,
ಟಯರು ಮಾತ್ರ ಹೊಸತು, ಎರಡು ಬೆರಳು ದಪ್ಪ, ಹಲ್ಲಿರುವಂಥದ್ದು.
"ಡಾಂಬರಿನ ಮ್ಯಾಲೆ ಗುರ್ ಅಂತದೆ ಮೇಡಂ,
ಗರಸಿನ ಮ್ಯಾಲೆ ಬಿಡ್ರಿ, ಸುಮ್ನಾಗ್ತದೆ" ಅಂದಿದ್ದ.
ನನ್ನ ಹಾಗೆಯೇ.

ಜೋಗಿಮಟ್ಟಿಯ ಬುಡದಲ್ಲಿ ಕಾಡಿಗೂ ಒಂದು ಗೇಟು:
ನೀಲಗಿರಿಯ ಗಳ, ತುದಿಗೆ ಕಟ್ಟಿದ ಕಲ್ಲು.
ಗಾದ್ರಪ್ಪ ಪುಸ್ತಕ ತೆಗೆದು ಬರೆದುಕೊಳ್ಳುತ್ತಾನೆ.
ಹೆಸರು ಡಿ. ಕರಿಬಸಮ್ಮ. ಚಕ್ರ ಎರಡು. ಹೊತ್ತು ಆರೂ ಮುಕ್ಕಾಲು.
"ರಾತ್ರಿಯೆಲ್ಲ ಇಸ್ಕಂಡು ಇಸ್ಕಂಡು ಬಂದೀಯ,
ನಿನ್ನತ್ರ ನಾನೇನು ಇಸ್ಕಮಾದು, ಹೋಗವ್ವ."
ಪಕ್ಕದಲ್ಲಿ ಸೈಕಲ್ಲು ನುಸುಳುವಷ್ಟು ಸಂದಿಯಿದೆ.
ಆದರೂ ಗಳ ಎತ್ತುತ್ತಾನೆ.
ಅದು ಮರ್ಯಾದೆ.

ಆಮೇಲೆ ಸದ್ದೇ ಬೇರೆ.
ಚಕ್ರದ ಕೆಳಗೆ ಯಾರೋ ನಿಧಾನಕ್ಕೆ ಮಂಡಕ್ಕಿ ಅಗಿದಂತೆ.
ಕೆಂಪು ಗರಸು, ನಡುನಡುವೆ ಬೆಣಚು,
ಬಿಸಿಲು ಬಿದ್ದಲ್ಲಿ ಚೆಲ್ಲಿದ ಕಲ್ಲುಪ್ಪು.
ತಿರುವಿನಲ್ಲಿ ಬ್ರೇಕು ಹಿಡಿದರೆ ಬೀಳುತ್ತೀಯ,
ಹಿಡಿಯದಿದ್ದರೂ ಬೀಳುತ್ತೀಯ,
ಮೊಣಕೈ ಸಡಿಲ ಬಿಟ್ಟು
ಸೈಕಲ್ಲಿಗೂ ಒಂದಿಷ್ಟು ಸ್ವಂತ ಬುದ್ಧಿ ಇದೆಯೆಂದು ನಂಬಬೇಕು.
ಇಷ್ಟು ಕಲಿಯಲು ಎರಡು ಮೊಣಕಾಲ ಚರ್ಮ ಕೊಟ್ಟಿದ್ದೇನೆ,
ರಸೀದಿ ಇನ್ನೂ ಕಾಲ ಮೇಲಿದೆ.

ಬಂದರೆ ಪೊದೆ ಸವರಿ ಪಾದದ ಗಂಟೆಲ್ಲ ಜಿಗುಟು.
ಎಲ್ಲೋ ಸೀತಾಫಲ ಬಿರಿದ ವಾಸನೆ.
ನೆತ್ತಿಯ ಮೇಲೆ ಗಾಳಿಗಿರಣಿ.
ಮೊನ್ನೆ ನನ್ನ ಕಿಟಕಿಯೆದುರು
ಮಲಗಿ ಮುಗಿಯದಷ್ಟು ಉದ್ದವಿದ್ದ ರೆಕ್ಕೆ
ಇಲ್ಲಿ ಮಿಡತೆಯ ಕಾಲಿನಷ್ಟು.

ಮೂರನೇ ತಿರುವಿನಲ್ಲಿ ಕರಡಿ.
ಮೊದಲಿಗೆ ಕರಡಿಯಲ್ಲ,
ಯಾರದೋ ಕಂಬಳಿ ಹಾದಿಗಡ್ಡ ಬಿದ್ದಿದೆ ಅಂದುಕೊಂಡೆ.
ಕಂಬಳಿ ಎದ್ದು
ಹುತ್ತದ ಮಣ್ಣು ಕೊಡವಿಕೊಂಡಿತು.

ಚೈನು ಟಿಕ್ ಟಿಕ್ ಅಂದು ನಿಂತಿತು.
ಓಡಬಾರದು, ಗೊತ್ತು.
ಮತ್ತೇನು ಮಾಡಬೇಕು, ಗೊತ್ತಿಲ್ಲ.
ಹಾಳು ತಲೆ ಎಣಿಸತೊಡಗಿತು:
ಆಕ್ಸಲ್ ಎರಡು, ನಂಬರು ಇಲ್ಲ,
ಲೋಡು ಸೀತಾಫಲ.
ಅದೂ ನನ್ನನ್ನು ಹಾಗೇ ಏನೋ ಲೆಕ್ಕ ಹಾಕುತ್ತಿತ್ತು.
ನನ್ನ ಬಲಗೈ ಮೆಲ್ಲಗೆ ಮೇಲೆದ್ದಿತು.
ಯಾಕೆ ಎತ್ತಿದೆನೋ, ಒಂಬತ್ತು ವರ್ಷದ ಅಭ್ಯಾಸ.
ಒಮ್ಮೆ ಸೀನಿ, ದಾಟಿತು.
ಹಿಂದೆಯೇ ಒಂದು ಮರಿ,
ತಾಯಿಯ ಅವಸರವೇ ಇಲ್ಲದ್ದು,
ಬೆಣಚುಕಲ್ಲೊಂದನ್ನು ಮೂಸಿ, ಬೇಡವೆನಿಸಿ, ಬಿಟ್ಟು.
ಪೊದೆಯ ಅಲುಗಾಟ ನಿಂತ ಮೇಲೂ
ಕೈ ಮೇಲೇ ಇತ್ತು.

ವಾಪಸು ಬಂದಾಗ ಗಾದ್ರಪ್ಪ ಪುಸ್ತಕ ಬಿಚ್ಚಿದ.
"ಏನಾರ ಕಂಡಿತೇನವ್ವ?"
ಹೂಂ ಅಂದರೆ ಬರೆಯಬೇಕು,
ಬರೆದರೆ ಮೇಲಿನವರು ಓದಬೇಕು,
ಓದಿದರೆ ನಾಳೆಯಿಂದ ಸೈಕಲ್ಲಿಗೆ ಈ ಗಳ ಏಳದು.

"ನವಿಲು" ಅಂದೆ.

ಅವನು ನನ್ನ ಮುಖ ನೋಡಿದ.
ಹ್ಯಾಂಡಲ್ ಮೇಲೆ ಇನ್ನೂ ನಡುಗುತ್ತಿದ್ದ ಬೆರಳು ನೋಡಿದ.
ಪೆನ್ನಿನ ತುದಿ ನಾಲಿಗೆಗೆ ತಾಗಿಸಿ
ನವಿಲು ಅಂತ ಬರೆದ.
ಆಮೇಲೆ, ಕಾಡಿನ ಕಡೆ ಒಮ್ಮೆ ತಿರುಗಿ,
ಮುಂದೆ ಸಣ್ಣಗೆ ಸೇರಿಸಿದ:
ದೊಡ್ಡದು ಒಂದು, ಮರಿ ಒಂದು.