ಕಟ್ಟುವುದು

ಮನೆ ಕಟ್ಟಿ ನೋಡು ಅಂದರು ಹಿರಿಯರು,
ಬಾಡಿಗೆ ಕಟ್ಟಿ ನೋಡು ಅನ್ನಲಿಲ್ಲ.
ಕಟ್ಟಿದ್ದೇವೆ: ಹನ್ನೊಂದು ವರ್ಷ, ನಾಲ್ಕು ಮನೆ,
ಗುರುವಾರ ಬಂತೆಂದರೆ ತಪ್ಪದೆ.
ಇಷ್ಟು ಕಟ್ಟಿಯೂ ಒಂದು ಇಟ್ಟಿಗೆ ನಮ್ಮದಲ್ಲ
ಅನ್ನುತ್ತಾರೆ ಉಮಾಪತಿ,
ಕರೆಂಟು ಬಿಲ್ಲಿನ ಲಕೋಟೆಯ ಬೆನ್ನ ಮೇಲೆ
ಉದ್ದಕ್ಕೆ ಒಂದು ಗೆರೆ ಎಳೆದು.

ಎಡಕ್ಕೆ ಬಾಡಿಗೆ.
ಬಲಕ್ಕೆ ಸಾಲದ ಕಂತು, ಕೌನ್ಸಿಲ್ ತೆರಿಗೆ, ವಿಮೆ,
ಬಿಸಿನೀರಿನ ಟ್ಯಾಂಕ್ ಕೆಟ್ಟರೆ ಅಂತ ಎರಡು ಸಾವಿರ.
ಅವರ ಬಸ್ಸಿನ ಸಂಬಳ, ನನ್ನ ಆಸ್ಪತ್ರೆ ಲಾಂಡ್ರಿಯ ಸಂಬಳ
ಎರಡನ್ನೂ ಕೂಡಿಸಿ, ಕಳೆದು, ಮತ್ತೆ ಕೂಡಿಸಿ
ಮೂವತ್ತು ವರ್ಷ.
ಆಗ ನನಗೆ ಎಪ್ಪತ್ತೊಂದು.
ಅದನ್ನು ಇಬ್ಬರೂ ಗಟ್ಟಿಯಾಗಿ ಓದಲಿಲ್ಲ.

ಶನಿವಾರ ವೆರಿಬಿಯಲ್ಲಿ ಬಡಗಣ ಗಾಳಿ,
ಯಾರೋ ಒಲೆಯ ಬಾಗಿಲು ತೆರೆದಿಟ್ಟು ಮರೆತಂತೆ.
ಬಡಾವಣೆಯ ಹೆಸರು ಹೆರನ್ ಲೇಕ್ಸ್,
ಕೊಕ್ಕರೆಯೂ ಇಲ್ಲ, ಕೆರೆಯೂ ಇಲ್ಲ;
ಹೂಕೋಸು ಬೆಳೆದ ಮಣ್ಣಿತ್ತಂತೆ, ಅದೂ ಇಲ್ಲ.
ಹನ್ನೊಂದೂಕಾಲಿನಿಂದ ಹನ್ನೊಂದೂಮುಕ್ಕಾಲಿನ ತನಕ
ಮನೆ ನೋಡಬಹುದು.
ಏಜೆಂಟ್ ಕ್ರೇಗ್ ನನ್ನ ಹೆಸರು ಮೂರು ಸಲ ಕೇಳಿ
ಕೊನೆಗೆ ಫೋನ್ ನಂಬರಷ್ಟೇ ಬರೆದುಕೊಂಡ.
ಚಪ್ಪಲಿ ಇರಲಿ ಅಂದ. ನಾವು ಬಿಟ್ಟೆವು.

ಹದಿನೇಳು ಜನ, ಮೂರು ಕೋಣೆ.
ಒಬ್ಬಾತ ಬೆರಳು ಮಡಿಸಿ ಗೋಡೆಗೆ ತಟ್ಟಿ ಕಿವಿಗೊಟ್ಟ,
ಕಲ್ಲಂಗಡಿ ಕೊಳ್ಳುವವನ ಹಾಗೆ.
ಇಂಚರಾ ಓಡಿಹೋಗಿ ಚಿಕ್ಕ ಕೋಣೆ ತನ್ನದೆಂದಳು.
ಉಮಾಪತಿ ನಲ್ಲಿ ತಿರುಗಿಸಿದರು, ಫ್ಲಶ್ ಒತ್ತಿದರು,
ಮತ್ತೆ ಸುಮ್ಮನೆ ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದರು.
ಆ ಮುಖ ನನಗೆ ಗೊತ್ತು:
ಮನಸ್ಸಿನಲ್ಲೇ ತೋರಣ ಕಟ್ಟುತ್ತಿದ್ದರು.

ನಾನು ಹಜಾರದ ಗೋಡೆಯ ಹತ್ತಿರ.
ಬಿಳಿಯ ಮೇಲೆ ಬಿಳಿ ಚುಕ್ಕೆ. ಒಂದು. ಗೇಣು ದೂರಕ್ಕೆ ಇನ್ನೊಂದು.
ಉಗುರಿನಿಂದ ಗೀರಿ ಮೂಗಿಗೆ ಹಿಡಿದೆ:
ಪುದೀನ.
ಟೂತ್‌ಪೇಸ್ಟ್.
ನಾನೂ ಹೀಗೇ ಮುಚ್ಚುತ್ತೇನೆ, ಆರು ತಿಂಗಳಿಗೊಮ್ಮೆ,
ಇನ್‌ಸ್ಪೆಕ್ಷನ್ನಿನ ಹಿಂದಿನ ರಾತ್ರಿ,
ಅತ್ತೆಯ ಫೋಟೋ ಇಳಿಸಿ, ಮೊಳೆ ಕಿತ್ತು;
ಹಲ್ಲಿಗಿಂತ ಮೊದಲು ಗೋಡೆಗೆ.

ಹೊರಗೆ ಬಂದಾಗ ಕಂಡಳು.
ರಸ್ತೆಯಾಚೆ ನೀಲಿ ಕಾರು, ಏಸಿಗಾಗಿ ಎಂಜಿನ್ ಓಡುತ್ತಿದೆ,
ಹಿಂದಿನ ಸೀಟಿನಲ್ಲಿ ಬುಟ್ಟಿಯೊಳಗೆ ಬೆಕ್ಕು,
ಮುಂದೆ ನನ್ನದೇ ವಯಸ್ಸಿನವಳು
ಸ್ಯಾಂಡ್‌ವಿಚ್ ಕಚ್ಚುತ್ತ
ತನ್ನ ಬಾಗಿಲಿನಿಂದ ಬರುವವರನ್ನು ಎಣಿಸುತ್ತಿದ್ದಾಳೆ.
ನಾನು ಎಷ್ಟನೆಯವಳೋ.
ಕೈ ಬೀಸಲೇ? ನಗಲೇ?
ಚಪ್ಪಲಿಯ ಪಟ್ಟಿ ಬಿಗಿಯುವುದಕ್ಕೆ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಸೋಮವಾರ ಬೆಲೆ ಹೇಳಿದೆವು.
ಹೌದು, ಹೇಳಿದೆವು.
ನಾವು ಬಿಟ್ಟರೆ ಕಲ್ಲಂಗಡಿಯವನು ಕೊಳ್ಳುತ್ತಾನೆ
ಅಂದರು ಉಮಾಪತಿ. ನಿಜವೇ.
ಒಪ್ಪಿದ ಕಾಗದದಲ್ಲಿ ಏಳನೇ ಪುಟ, ಕೊನೆಯ ಸಾಲು,
ಇಂಗ್ಲಿಷಿನಲ್ಲಿ ಎರಡೇ ಪದ, ಸಪಾಟು.
ಕನ್ನಡಕ್ಕೆ ತಂದುಕೊಂಡರೆ
ಖಾಲಿ ಮಾಡಿಸಿ ಕೊಡುವುದು ಅನ್ನಬೇಕು.
ಮಾಡಿ ಅಲ್ಲ, ಮಾಡಿಸಿ.
ಯಾರು ಮಾಡಿಸುವವರು ಅಂತ ಕಾಗದ ಹೇಳುವುದಿಲ್ಲ,
ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದೆ.

ಬೆಕ್ಕು ಮನೆಯ ಜೊತೆಗೇ ಬರುತ್ತಾ ಅಮ್ಮಾ?
ಇಲ್ಲ ಪುಟ್ಟಾ. ಹೋಗು, ಪಾತ್ರೆಗೆ ಸುತ್ತಲು ಪೇಪರ್ ತಾ.

ಅವಳೂ ಈಗ ಗಂಟು ಕಟ್ಟುತ್ತಿರಬಹುದು.
ನಮ್ಮ ಗೋಡೆಯಲ್ಲಿ ಐದು ತೂತು,
ಬಾಂಡ್ ಪೂರ್ತಿ ವಾಪಸಾಗಬೇಕು.
ಪೇಸ್ಟ್ ಮುಗಿಯುತ್ತ ಬಂದಿದೆ;
ಟ್ಯೂಬನ್ನು ಬಾಲದಿಂದ ಮಡಚಿ, ಮತ್ತೆ ಮಡಚಿ,
ಎರಡೂ ಹೆಬ್ಬೆರಳಿನಿಂದ ಹಿಂಡುತ್ತಿದ್ದೇನೆ.