ಬೆಪ್ಪ

ಅವನ ಹೆಸರು ಬೆಪ್ಪೊ.
ಅವರ ದೇಶದಲ್ಲಿ ಅದು ಮುದ್ದಿನ ಹೆಸರಂತೆ.
ಚಾಂಪಿಯನ್ ರೀಫಿನ ಲೈನುಮನೆಗಳಲ್ಲಿ ಅದಕ್ಕೆ
ಬೇರೆಯೇ ಅರ್ಥವಿದ್ದದ್ದರಿಂದ
ಮೊದಲ ದಿನವೇ ಹುಡುಗರೆಲ್ಲ ನಕ್ಕರು.
ಅವನೂ ನಕ್ಕ.
ಅಲ್ಲೇ ಶುರುವಾಯಿತು ಅವನ ಕಸುಬು
ಅನ್ನುತ್ತಿದ್ದ ನಮ್ಮ ತಾತ ಪಿಳ್ಳಪ್ಪ.

ಇಟಲಿಯಲ್ಲಿ ಹುಟ್ಟಿ, ಐದರಲ್ಲಿ ಹಡಗು ಹತ್ತಿ,
ಗಣಿಯೊಳಗೆ ಮರದ ದಿಮ್ಮಿ ನಿಲ್ಲಿಸುವ ಅಪ್ಪನ ಹಿಂದೆ ಬಂದವನು.
ಸಯನೈಡ್ ದಿಬ್ಬದ ನೆತ್ತಿಯಿಂದ
ತಗಡಿನ ಮೇಲೆ ಕೂತು ಜಾರುವ ಆಟ.
ನಾವು ಬಿದ್ದರೆ ಮಂಡಿ ತರಚುತ್ತಿತ್ತು,
ಅವನು ಬಿದ್ದರೆ ಜನ ಸೇರುತ್ತಿತ್ತು.
ಎದ್ದು, ಇಲ್ಲದ ಟೋಪಿ ತೆಗೆದು ತಲೆ ಬಾಗಿಸಿ
ಮತ್ತೆ ಬೀಳುತ್ತಿದ್ದ, ಈ ಸಲ ಬೇರೆ ಥರ.

ಒಂದು ರಾತ್ರಿಪಾಳಿಯಲ್ಲಿ ನೆಲದೊಳಗೆ ಗುಡುಗಿತು.
ಲೈನಿನ ಮನೆಮನೆಯಲ್ಲೂ ತಟ್ಟೆಗಳು
ಹಲಗೆಯ ಅಂಚಿಗೆ ಜರುಗಿದವು.
ಬೆಳಿಗ್ಗೆ ಅವನಪ್ಪನನ್ನು ಮೇಲೆ ತಂದರು.
ಆ ದಿನ ಬೆಪ್ಪ ಎಡವಲೂ ಇಲ್ಲ.
ತಿಂಗಳೊಳಗೆ ತಾಯಿ, ಮಗ
ಬೌರಿಂಗ್‌ಪೇಟೆಯಲ್ಲಿ ರೈಲು ಹತ್ತಿದರು.

ಹನ್ನೆರಡು ವರ್ಷಕ್ಕೆ ವಾಪಸು ಬಂದ,
ರಾಬರ್ಟ್‌ಸನ್‌ಪೇಟೆಯ ಡೇರೆಯೊಳಗೆ,
ಬಿಳಿ ಬಟ್ಟೆಯ ಮೇಲೆ, ಎರಡಾಳೆತ್ತರ,
ಮುಖಕ್ಕೆ ಸುಣ್ಣ ಬಳಿದುಕೊಂಡು.
ತಾತ ಆಗ ಯಂತ್ರದ ಹಿಡಿ ತಿರುಗಿಸುತ್ತಿದ್ದ,
ಆಟಕ್ಕೆ ಎರಡಾಣೆ.
ಮೊದಲ ಸಲ ಬಿದ್ದಾಗಲೇ ಗುರುತು ಸಿಕ್ಕಿತು:
"ಅಯ್ಯೋ, ಇದು ನಮ್ ದಿಬ್ಬದ ಬೀಳಾಟ!"

ಏಣಿ, ಮಾಡು, ಮದುವೆಯ ಸಾರೋಟು,
ಪೊಲೀಸಿನವನ ಹೆಗಲು,
ಎಲ್ಲದರ ಮೇಲಿಂದಲೂ ಬಿದ್ದ ಬೆಪ್ಪ.
ಹಿಡಿ ಕೈಯಲ್ಲಿದ್ದವನು ತಾತ, ಬಿಡುತ್ತಾನೆಯೇ?
ಅವನು ಅಂಚಿಗೆ ಬಂದೊಡನೆ ತಿರುವು ನಿಧಾನ ಮಾಡುವನು.
ಆಗ ಬೆಪ್ಪ ನಡುಗಾಳಿಯಲ್ಲಿ
ಆಲದ ಬಿಳಲಿಗೆ ಸಿಕ್ಕ ಪಟದಂತೆ ತಡೆಯುವನು,
ಕಿವಿಯಲ್ಲಿನ್ನೂ ಡ್ರಿಲ್ಲು ಕೊರೆಯುವ ಗಂಡಸರೆಲ್ಲ
"ಬಿಡು ಪಿಳ್ಳಣ್ಣ, ಬೀಳಲಿ!" ಎಂದು ಕೂಗುವ ತನಕ.
ಒಮ್ಮೆ ಹೀಗೆ ತಡೆದು ಫಿಲ್ಮೇ ಸುಟ್ಟಿತು.
ಮಾಲೀಕ ಅಯ್ಯಾದೊರೈ ಎಂಟಾಣೆ ಮುರಿದುಕೊಂಡ.

ಆಮೇಲೆ ಬಂದ ಚಿತ್ರದಲ್ಲಿ ಬೆಪ್ಪ ಇಲ್ಲ.
ಹೆಸರಿದೆ, ಮೊದಲಲ್ಲೇ, ದಪ್ಪಕ್ಷರದಲ್ಲಿ. ಮುಖವಿಲ್ಲ.
ಮಿಷನ್ ಸ್ಕೂಲಿನ ದೇವಾಶೀರ್ವಾದಂ ಮೇಷ್ಟ್ರು ಓದಿ ಹೇಳಿದರು:
"ಡೈರೆಕ್ಟರ್ ಆಗಿದ್ದಾನೆ ಕಣ್ರಯ್ಯಾ."
ಜನ ಬೆಂಚು ಗುದ್ದಿದರು.
ಕೊಟ್ಟ ಕಾಸು ಬೆಪ್ಪನಿಗೆ, ಎಲ್ಲಿ ಅವನು?
ತಾತ ಯಂತ್ರದ ಮಗ್ಗುಲಿಂದ ತಲೆಯೆತ್ತಿ ಅಂದನಂತೆ:
"ನೀವು ನೋಡ್ತಾ ಇರೋ ಜಾಗ ಇದೆಯಲ್ಲ,
ಅಲ್ಲಿ ನಿಂತವ್ನೆ."

ಆ ಚಿತ್ರದಲ್ಲಿ ಯಾರೂ ಬೀಳುವುದಿಲ್ಲ.
ಒಬ್ಬ ಹೆಂಗಸು ಕಿಟಕಿ ಒರೆಸುತ್ತಾಳೆ.
ಅವಳ ಹಿಂದೆ ಹಲಗೆಯ ಮೇಲಿನ ತಟ್ಟೆ
ತಾನಾಗಿ ಒಂದಿಷ್ಟು ಜರುಗುತ್ತದೆ.
ಅವಳು ತಿರುಗಿ ನೋಡುತ್ತಾಳೆ.
ಅಷ್ಟೇ.
ಬೇರೆ ಊರುಗಳಲ್ಲಿ ಏನು ತಿಳಿದರೋ,
ಡೇರೆಯಲ್ಲಿ ಮಾತ್ರ ಹೆಂಗಸರ ಕಡೆ
ಬಳೆಗಳೆಲ್ಲ ಒಮ್ಮೆಗೇ ಸುಮ್ಮನಾದವು.
ತಾತನ ಕೈ ತನ್ನಷ್ಟಕ್ಕೆ ನಿಧಾನವಾಯಿತು.
ಯಾರೂ "ಬಿಡು" ಅನ್ನಲಿಲ್ಲ.

ಮಾತಿನ ಚಿತ್ರ ಬಂತು, ಯಂತ್ರಕ್ಕೆ ಮೋಟಾರು ಬಂತು.
ಬೇಡವಾದ ಹಿಡಿಯನ್ನು ತಾತ ಮನೆಗೆ ತಂದ.
ರಾಗಿಕಲ್ಲಿನ ಗೂಟ ಮುರಿದಾಗ
ಅಜ್ಜಿ ಅದನ್ನೇ ಬಡಿದು ಕೂರಿಸಿದಳು.
ಬೆಪ್ಪ ಇನ್ನೆಷ್ಟು ಚಿತ್ರ ತೆಗೆದ, ಯಾವ ಊರಲ್ಲಿ ಸತ್ತ,
ಬೆಳ್ಳಿತೆರೆಯ ಬೆಪ್ಪನೇ ದಿಬ್ಬದ ಬೆಪ್ಪನೋ,
ನಾನು ಕೆದಕಲಿಲ್ಲ.
ಅವರ ದೇಶದಲ್ಲಿ ಆ ಹೆಸರಿನವರು ಬೀದಿಗೆ ಹತ್ತಂತೆ.

ನನಗೆ ಗೊತ್ತಿರುವುದು ಇಷ್ಟು:
ನೆಲ ಗುಡುಗಿದಾಗಲೆಲ್ಲ
ನಾವು ಮಕ್ಕಳು ಬಾಗಿಲಿಗೆ ಓಡುತ್ತಿದ್ದೆವು.
ತಾತ ಮಂಚ ಬಿಟ್ಟು ಏಳುತ್ತಿರಲಿಲ್ಲ.
ಅವನ ಬಲಗೈ ಗಾಳಿಯಲ್ಲಿ ಸಣ್ಣಗೆ ತಿರುಗುತ್ತಿತ್ತು,
ನಿಧಾನ, ಇನ್ನೂ ನಿಧಾನ,
ಹಲಗೆಯ ತಟ್ಟೆ ಅಂಚಿನಲ್ಲೇ ಇರಲಿ
ಅಂತ.